ಕಾರಣ ಬರೆಯುವುದು ಕಡ್ಡಾಯ

ಹೊಸ ಆವೃತ್ತಿ ರಾತ್ರಿಯೇ ಇಳಿದಿದೆ.
ಬೆಳಗ್ಗೆ ನಾನು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ
ಪರದೆಯ ತುಂಬ ಕೆಂಪು ಚುಕ್ಕೆ,
ದಡಾರ ಎದ್ದ ಕೂಸಿನ ಮೈಯಂತೆ.
ನಾನೂರಾ ಹನ್ನೆರಡು ನಿಯಮ, ಒಂದಕ್ಕೂ ವಿವರಣೆಯಿಲ್ಲ.
ಪ್ರತಿಯೊಂದರ ಪಕ್ಕ ಈಗ ಒಂದು ಖಾಲಿ ಚೌಕ:
ಇದು ಯಾಕಿದೆ? ಬರೆಯಿರಿ.

ಅಥಣಿ ರಸ್ತೆ, ತಿಕೋಟಾ ದಾಟಿ ಎರಡು ಕಿಲೋಮೀಟರು,
ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜು.
ಹೊರಗೆ ನಲವತ್ತೊಂದು ಡಿಗ್ರಿ, ಒಳಗೆ ನಾಲ್ಕು,
ನಡುವೆ ನನ್ನ ಕೋಣೆ, ಎರಡಕ್ಕೂ ಸೇರದ್ದು.

ಕೆಲವು ಸುಲಭ.
ಬಾಕ್ಸಿಗೆ ಇನ್ನೂರು ಗ್ರಾಂ ಕಳೆ.
ರಟ್ಟಿನ ತೂಕ, ಎಂದು ಬರೆದೆ.
ಹಸಿರು ಮಾಲು ಕಪ್ಪಿನ ಜೊತೆ ಇಡಬೇಡ.
ಯಾಕೆ ಎಂದು ಚಾಂದಸಾಬರನ್ನು ಕೇಳಿದೆ.
"ಬಣ್ಣಾನೂ ಸಂಗ್ತಿ ಕೂಡಿ ಕೆಡತೈತಿ, ಯವ್ವಾ."
ಅದನ್ನೇ ಬರೆದೆ. ಚುಕ್ಕೆ ಹಸಿರಾಯಿತು.

ಯಾರು ಏನು ನೋಡಬಹುದು ಎಂಬುದಕ್ಕೂ ಈಗ ಪಟ್ಟಿ.
ಹಮಾಲರಿಗೆ ರ್‍ಯಾಕಿನ ನಂಬರು,
ಗುಮಾಸ್ತನಿಗೆ ತೂಕ, ದರ ಇಲ್ಲ,
ಸಾಹುಕಾರರಿಗೆ ಎಲ್ಲವೂ.
ಇಷ್ಟು ದಿನ ಎಲ್ಲರಿಗೂ ಒಂದೇ ಪಾಸ್‌ವರ್ಡು, ಕಟ್ಟಡ ಕಟ್ಟಿದ ಇಸವಿ,
ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ.
ಚಹಾ ತರುವ ಹುಡುಗನಿಗೂ ಬಾಯಿಪಾಠ.

ಆಮೇಲೆ ಬಂತು ಇನ್ನೂರಾ ಹದಿನೇಳು.
ಖಾತೆ ಎಂಬತ್ತೆಂಟು: ಮನೆತನದ ಪಟ್ಟಿಯಲ್ಲಿ ತೋರಿಸಬೇಡ.
ಮೆಸೇಜು ಕಳಿಸಬೇಡ. ರಸೀದಿ ಅವರ ಕೈಗೇ.
ಇದಕ್ಕೆ ಮಾತ್ರ ಮೂರು ಕೆಂಪು ಚುಕ್ಕೆ.
ಗುಪ್ತ ಸಾಲು. ಅಪಾಯ. ತೆಗೆಯಲು ಸಲಹೆ.

ಬರೆದವನು ಇರ್ಷಾದ್ ಬಾಗವಾನ,
ನನಗಿಂತ ಮೊದಲು ಈ ಕುರ್ಚಿ ಸವೆಸಿದವನು.
ಈಗ ತಾಸಗಾಂವದಲ್ಲಿ ದಲಾಲರ ಲೆಕ್ಕ ನೋಡುತ್ತಾನೆ.
ಫೋನಿನ ಹಿಂದೆ ಲಿಲಾವಿನ ಗದ್ದಲ.
"ಎಂಬತ್ತೆಂಟಾ?" ಅಂದ.
ಗದ್ದಲ ನಿಧಾನ ಸಣ್ಣದಾಯಿತು, ಎಲ್ಲೋ ಗೋಡೆಯ ಮರೆಗೆ ನಡೆದಿರಬೇಕು.

"ಗುರುಬಾಯಿದು. ಶೆಡ್ಡಿನ್ಯಾಗ ಮಣೂಕದ ಕಡ್ಡಿ ಬಿಡಿಸ್ತಿದ್ಲು.
ಕೂಲಿ ಬದ್ಲಿ ಮಾಲ ತಗೊಂಡು ಇಟ್ಟಾಳ, ಆರು ಬಾಕ್ಸ್.
ಮಗಳ ನರ್ಸಿಂಗಿಗೆ.
ಗಂಡ ನಿಮ್ಮಲ್ಲೇ ಹಮಾಲಿ, ಗೊತ್ತೈತೇನು?
ಆ ಆರೂ ಬಾಕ್ಸ್ ಬೆನ್ನ ಮ್ಯಾಲ ಹೊತ್ತು ಇಟ್ಟಾಂವ ಅವನ,
ಯಾರವಂತ ಗೊತ್ತಿಲ್ದ.
ಎಲ್ಲೂ ಬರೀಬ್ಯಾಡಂತ ಅಕಿ ಕೈ ಮುಗದ್ಲು.
ಅದಕ್ಕ ಬರೀಲಿಲ್ಲ ನೋಡ್ರಿ."

ಪಿಸುಮಾತು ಏಳು ಸಲ ತಿರುಗಿ ಬರುವ ಗುಮ್ಮಟದ ಊರವಳು ನಾನು,
ಬಾಯಿಬಿಟ್ಟದ್ದು ಎಲ್ಲಿಯೂ ಇಳಿದು ಕೂರುವುದಿಲ್ಲವೆಂದು ಬಲ್ಲೆ.
ವಿವರಣೆಯ ಚೌಕವನ್ನು ಯಾರೂ ಓದಬಹುದು;
ಅದೂ ಹೊಸ ಆವೃತ್ತಿಯ ಹೆಮ್ಮೆಗಳಲ್ಲೊಂದು.
ಬಾಗಿಲು ಗಟ್ಟಿ ಮಾಡಿಕೊಟ್ಟವರೇ
ಒಳಗೇನಿದೆಯೆಂದು ಬಾಗಿಲ ಮೇಲೆ ಬರೆ ಅನ್ನುತ್ತಾರೆ.

ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.
ಗುಪ್ತ ಸಾಲು ತೆಗೆದೆ,
ಅವರು ಕೊಟ್ಟ ಹೊಸ ಬೀಗವನ್ನೇ ಹಾಕಿದೆ:
ಖಾತೆ ಯಾರ ಹೆಸರಿನದೋ ಅವರಿಗಷ್ಟೇ, ಅವರ ಮನೆಯವರಿಗೂ ಅಲ್ಲ.
ಎಂಬತ್ತೆಂಟಕ್ಕೆ ಮಾತ್ರವಲ್ಲ,
ಸಾವಿರದ ಮುನ್ನೂರು ಖಾತೆಗೂ.
ಒಬ್ಬಳನ್ನು ಮರೆಮಾಡಲು
ಊರಿಗೆಲ್ಲ ಸೆರಗು ಹಂಚಿದೆ.

ಮನೆತನದ ಪಟ್ಟಿ ಎಲ್ಲಿ ಹೋಯಿತೆಂದು ನಾಳೆ ಸಾಹುಕಾರರು ಕೇಳುತ್ತಾರೆ.
ಹೊಸ ಆವೃತ್ತಿ ಹಾಗೆ ಮಾಡೈತ್ರಿ ಅನ್ನುತ್ತೇನೆ.
ಅರ್ಧ ಸುಳ್ಳು. ಇನ್ನರ್ಧದಲ್ಲಿ ನಿಂತುಕೊಳ್ಳಬಹುದು.

ಚೌಕ ಇನ್ನೂ ಬಾಯಿ ತೆರೆದೇ ಇತ್ತು.
ಇದು ಯಾಕಿದೆ?
ಬೆರಳು ಬಹಳ ಹೊತ್ತು ಕೀಲಿಗಳ ಮೇಲೆ.
ಬರೆದೆ: ಇಟ್ಟವರ ಮಾಲು ಇಟ್ಟವರದು.
ಹಸಿರಾಯಿತು.

ಕಿಟಕಿಯಾಚೆ ಯಾವನೋ ಹಮಾಲ, ಬೆನ್ನು ಬಾಗಿಸಿಕೊಂಡೇ,
ಯಾವ ರ್‍ಯಾಕ್ರೀ ಅಕ್ಕಾರ, ಎಂದು ಕೂಗಿದ.
ನಂಬರು ಹೇಳಿದೆ.
ನಂಬರಷ್ಟೇ ಹೇಳಿದೆ.
ಇನ್ನೂ ನೂರಾ ತೊಂಬತ್ತೈದು ಬಾಕಿ.